ಹರಾಜಿನ ಕೂಗು, ದಲ್ಲಾಳಿಯ ಪುಸ್ತಕ

ಉತ್ತರ ಕನ್ನಡದ ತದಡಿಯ ಜೆಟ್ಟಿಗೆ ಬೋಟು ತಾಗಿ ಬಂಗುಡೆಯ ಬುಟ್ಟಿಗಳು ಮೇಲೆ ಬಂದವೆಂದರೆ, ಆಮೇಲಿನ ನಾಲ್ಕೈದು ನಿಮಿಷದಲ್ಲಿ ಕಾನೂನಿಗೆ ಯಾವ ತಕರಾರೂ ಇಲ್ಲದ ಒಪ್ಪಂದವೊಂದು ಆಗಿ ಮುಗಿದಿರುತ್ತದೆ. ಕೂಗುವವ ಒಂದು ದರ ಹೇಳುತ್ತಾನೆ. ಸುತ್ತ ನಿಂತವರು ಏರಿಸುತ್ತಾರೆ. ಏರಿಸುವವರು ಮುಗಿದಾಗ ಕೊನೆಯ ಕೂಗು ಬೀಳುತ್ತದೆ, ಮೀನು ಕೊಂಡವನ ಐಸ್ ಪೆಟ್ಟಿಗೆ ಸೇರುತ್ತದೆ. ಸಹಿ ಇಲ್ಲ, ಛಾಪಾ ಕಾಗದ ಇಲ್ಲ, ಸಾಕ್ಷಿದಾರರ ಹೆಸರು ಬರೆದುಕೊಳ್ಳುವ ಗುಮಾಸ್ತ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಇಷ್ಟನ್ನೂ ಒಪ್ಪಿಕೊಳ್ಳುತ್ತದೆ. ಹರಾಜುಗಾರ ಸುತ್ತಿಗೆ ಬಡಿದು ಸಾರಿದರೂ ಸರಿ, ಆ ಜಾಗದ ರೂಢಿಯಂತೆ ಬೇರೆ ರೀತಿಯಲ್ಲಿ ಸಾರಿದರೂ ಸರಿ, ಸಾರಿದ ಕ್ಷಣಕ್ಕೆ ಮಾರಾಟ ಪೂರ್ಣ. ಅದಕ್ಕೆ ಮುಂಚೆ ಬಿಡ್ ಕೂಗಿದವ ಹಿಂದೆ ಸರಿಯಬಹುದು. ಆಮೇಲೆ ಸರಿದರೆ ಕರಾರು ಮುರಿದ ಹಾಗೆ. ಕೂಗಿ ಮೀನೆತ್ತದೆ ಹೋದವನಿಗಾಗಿ ನೋಟಿಸು ಕಳಿಸಿ ಕಾಯುತ್ತ ಕೂರಬೇಕಾಗಿಯೂ ಇಲ್ಲ. ಬೇಗ ಹಾಳಾಗುವ ಮಾಲಾದ್ದರಿಂದ 54ನೇ ಕಲಮಿನ ಪ್ರಕಾರ ತಕ್ಕಷ್ಟು ಹೊತ್ತು ನೋಡಿ ಬೇರೆಯವರಿಗೆ ಮಾರಿ, ಆದ ನಷ್ಟವನ್ನು ಅವನಿಂದಲೇ ಕೇಳಬಹುದು.

ಬಂದರಿನ ಬಾಯಿಮಾತಿನ ವ್ಯವಹಾರಗಳಲ್ಲೆಲ್ಲ ಈ ಹರಾಜಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಮಾಲು ಕಣ್ಣೆದುರಿಗಿದೆ, ದರ ಹತ್ತು ಜನರ ಕಿವಿಗೆ ಬಿದ್ದಿದೆ, ಮಾತಿಗೂ ಕೆಲಸಕ್ಕೂ ನಡುವೆ ಮರೆಯುವಷ್ಟು ಹೊತ್ತೇ ಇಲ್ಲ. ಕೊರತೆ ಇಲ್ಲವೆಂದಲ್ಲ. ಮಾರುವವನೇ ಸುಳ್ಳು ಬಿಡ್‌ದಾರನನ್ನು ನಿಲ್ಲಿಸಿ ದರ ಏರಿಸಿದರೆ ಆ ಮಾರಾಟವನ್ನು ಕೊಂಡವನು ರದ್ದುಪಡಿಸಬಹುದು ಎಂದು 64ನೇ ಕಲಮು ಹೇಳುತ್ತದೆ. ಕೊಳ್ಳುವ ನಾಲ್ವರು ಬೆಳಿಗ್ಗೆ ಚಾ ಕುಡಿಯುತ್ತಲೇ ಮಾತಾಡಿಕೊಂಡು ಬಂದು, ಒಬ್ಬರ ಮೇಲೊಬ್ಬರು ಏರಿಸದೆ ನಿಂತರೆ ಆ ಕಲಮಿನಲ್ಲಿ ಉತ್ತರವಿಲ್ಲ. ಕಾನೂನು ಬರೆದವರ ಕಣ್ಣಲ್ಲಿ ಮೋಸ ಮಾಡುವವ ಮಾರುವವನೇ ಇರಬೇಕು. ರಾತ್ರಿಯಿಡೀ ಕಡಲಲ್ಲಿದ್ದು, ಕರಗುತ್ತಿರುವ ಐಸಿನ ಮೇಲೆ ಮೀನಿಟ್ಟು ನಿಂತವನ ಅವಸರ ಅವರಿಗೆ ಕಂಡಿರಲಿಲ್ಲ.

ಆದರೆ ಹರಾಜಿನ ಒಳ್ಳೆಯತನವನ್ನು ತೋರಿಸಿ ಇಡೀ ಬಂದರಿನ ನಂಬಿಕೆಯ ವ್ಯವಹಾರವನ್ನೇ ಕೊಂಡಾಡುವವರ ಜೊತೆ ನನಗೆ ಜಗಳವಿದೆ. ಮಾತಿಗೆ ತಪ್ಪದ ನಾಡು ಎನ್ನಲು ಪುಣ್ಯಕೋಟಿಯನ್ನು ಕರೆತರುವುದು ನಮ್ಮಲ್ಲಿ ವಾಡಿಕೆ. ಹುಲಿ ಅವಳಿಗೆ ಮುಂಗಡ ಕೊಟ್ಟಿರಲಿಲ್ಲ, ಅವಳ ಸಹಿ ಹಾಕಿದ ಖಾಲಿ ಚೆಕ್ಕನ್ನು ಇಟ್ಟುಕೊಂಡಿರಲಿಲ್ಲ. ಬಂದರಿನಲ್ಲಿ ಇವೆರಡೂ ಇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದಾಟಿಬಿಡೋಣ. ಕಾಗದ ಇಲ್ಲದಿದ್ದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬ ಮಾತು ಕುಮಟಾದಿಂದ ಭಟ್ಕಳದವರೆಗೆ ಎಲ್ಲ ಕಟ್ಟೆಗಳಲ್ಲೂ ಕೇಳುತ್ತದೆ. 1872ರ ಕರಾರು ಕಾಯ್ದೆಯ 10ನೇ ಕಲಮಿನಲ್ಲಿ ಹಾಗೆಲ್ಲೂ ಇಲ್ಲ. ಕರಾರು ಮಾಡಲು ಅರ್ಹರಾದವರು, ಯಾರ ಒತ್ತಾಯವೂ ಇಲ್ಲದೆ, ಕಾನೂನು ಒಪ್ಪುವ ಉದ್ದೇಶಕ್ಕೆ, ಕಾನೂನು ಒಪ್ಪುವ ಪ್ರತಿಫಲಕ್ಕೆ ಒಪ್ಪಿದರೆ ಅದು ಕರಾರು. ಬರಹ ಬೇಕೇಬೇಕೆಂದು ಬೇರೆ ಕಾನೂನು ಹೇಳಿದ ಕಡೆ ಮಾತ್ರ ಬರಹ ಬೇಕು. ಸ್ಥಿರಾಸ್ತಿ ಕೊಳ್ಳುವ ಒಪ್ಪಂದ ಕೂಡ ಬಾಯಿಮಾತಿನಲ್ಲಿ ಆಗಬಹುದೆಂದು ಸುಪ್ರೀಂ ಕೋರ್ಟು 1990ರ ಬ್ರಿಜ್ ಮೋಹನ್ ಪ್ರಕರಣದಲ್ಲಿ ಒಪ್ಪಿದೆ. ಒಪ್ಪಿದ ಉಸಿರಿನಲ್ಲೇ, ಎರಡೂ ಕಡೆಯವರ ಮನಸ್ಸು ಒಂದೇ ವಿಷಯದ ಮೇಲೆ ಕೂಡಿತ್ತೆಂದು ತೋರಿಸುವ ಭಾರವಾದ ಹೊಣೆ ವಾದಿಯ ಮೇಲಿದೆ ಎಂದೂ ಹೇಳಿದೆ. ಮಾತಿನ ಕರಾರಿನ ಇಡೀ ಕಷ್ಟ ಈ ಎರಡನೆಯ ಮಾತಿನಲ್ಲಿದೆ.

ಜಾಮೀನಿನ ವಿಷಯ ಇನ್ನೂ ಮೋಜಿನದು. ಇನ್ನೊಬ್ಬನ ಸಾಲಕ್ಕೆ ನಿಲ್ಲುವ ಮಾತು ಬರಹದಲ್ಲೇ ಇರಬೇಕೆಂದು ಇಂಗ್ಲೆಂಡಿನಲ್ಲಿ 1677ರಿಂದಲೂ ಕಾನೂನಿದೆ. ನಮಗೆ ಕರಾರು ಕಾಯ್ದೆ ಬರೆದುಕೊಟ್ಟವರೂ ಇಂಗ್ಲಿಷರೇ. ಆದರೂ 126ನೇ ಕಲಮಿನಲ್ಲಿ ಜಾಮೀನು ಬಾಯಿಮಾತಿನದೂ ಆಗಬಹುದೆಂದು ಬರೆದಿಟ್ಟರು. ಬಲೆ ಅಂಗಡಿಯಲ್ಲೋ ಐಸ್ ಫ್ಯಾಕ್ಟರಿಯ ಬಾಗಿಲಲ್ಲೋ ನಿಂತು “ಕೊಡು ಮಾರಾಯಾ, ನಾನಿದ್ದೇನಲ್ಲ” ಎಂದವನಿಗೆ ತಾನು ಹೇಳಿದ್ದು ಬರೀ ಒಳ್ಳೆಯ ಮಾತು. ಅಂಗಡಿಯವ ಆ ಮಾತನ್ನೇ ನಂಬಿ ಉದ್ರಿ ಕೊಟ್ಟನೆಂದು ರುಜುವಾತಾದರೆ, 128ನೇ ಕಲಮಿನಂತೆ ಅವನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಸಾಲಗಾರನನ್ನು ಮೊದಲು ಹಿಡಿದು ಆಮೇಲೆ ಇವನ ಬಳಿ ಬರಬೇಕೆಂಬ ನಿಯಮವೂ ಇಲ್ಲ. ಇಲ್ಲಿ ಇಂಗ್ಲೆಂಡಿನ ಹಳೆಯ ಕಾನೂನೇ ಮೇಲೆಂದು ನನಗೆ ತೋರುತ್ತದೆ. ದಾಕ್ಷಿಣ್ಯಕ್ಕೆ ಆಡಿದ ಮಾತಿಗೂ ಲೆಕ್ಕ ಹಾಕಿ ಆಡಿದ ಮಾತಿಗೂ ನಡುವೆ ಒಂದು ಸಹಿಯಷ್ಟಾದರೂ ಅಂತರ ಇರಬೇಕಿತ್ತು.

ಈಗ ಮುಂಗಡಕ್ಕೆ ಬರೋಣ. ಕರಾವಳಿಯ ಮೀನು ವ್ಯವಹಾರವನ್ನು ಆಡಿಸುವುದು ಹರಾಜಲ್ಲ, ಇದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಲೆ ಹೊಲಿಯುವುದು, ಎಂಜಿನ್ ಬಿಚ್ಚಿ ಜೋಡಿಸುವುದು, ತಳಕ್ಕೆ ಬಣ್ಣ ಬಳಿಯುವುದು, ಬರುವ ಸೀಸನ್ನಿಗೆ ಖಲಾಸಿಗಳನ್ನು ಗೊತ್ತುಮಾಡುವುದು, ಖರ್ಚೆಲ್ಲ ಬರುವುದು ಒಂದು ರೂಪಾಯಿ ದುಡಿಮೆಯಿಲ್ಲದ ಈ ಎರಡು ತಿಂಗಳಲ್ಲೇ. ಆಗ ದಲ್ಲಾಳಿ ಕೊಡುತ್ತಾನೆ. ಬಡ್ಡಿಯ ಮಾತಿಲ್ಲ. ಸೀಸನ್ ಶುರುವಾದ ಮೇಲೆ ಮೀನು ನನ್ನ ಮೂಲಕವೇ ಹೋಗಲಿ ಎಂಬ ಒಂದೇ ಷರತ್ತು. ಆಗಸ್ಟಿನಿಂದ ಪ್ರತಿ ಹರಾಜಿನಲ್ಲೂ ಕಮಿಷನ್ ಕಡಿಯುತ್ತದೆ. ಅಸಲು ಹಾಗೇ ನಿಂತಿರುತ್ತದೆ, ಎಷ್ಟೋ ಸಲ ವರ್ಷಗಟ್ಟಲೆ. ಅಸಲು ತೀರಿಸುವ ಆತುರ ಕೊಟ್ಟವನಿಗೂ ಇಲ್ಲ. ತೀರಿದರೆ ಬೋಟು ಬೇರೆಯವನ ಕಡೆ ಹೋದೀತು.

ಈ ಮಾತನ್ನು ಏನೆಂದು ಕರೆಯಬೇಕು? ಸಾಲವೇ, ಏಜೆನ್ಸಿಯೇ, ಮುಂದೆ ಹಿಡಿಯಲಿರುವ ಮೀನನ್ನು ಈಗಲೇ ಮಾರಿದ ಕರಾರೇ? ಸಂಬಂಧ ಚೆನ್ನಾಗಿರುವವರೆಗೆ ಯಾರಿಗೂ ಇದು ಬೇಡದ ಪ್ರಶ್ನೆ. ಕೆಟ್ಟ ದಿನ ದಲ್ಲಾಳಿ ಸಾಲ ಎನ್ನುತ್ತಾನೆ, ಬೋಟಿನವ ಕಮಿಷನ್ನಿನಲ್ಲೇ ಹರಿದುಹೋಯಿತು ಎನ್ನುತ್ತಾನೆ. ಬೇರೆಯವರಿಗೆ ಮೀನು ಹಾಕಬಾರದೆಂಬ ಷರತ್ತು 27ನೇ ಕಲಮು ನಿಷೇಧಿಸುವ ವ್ಯಾಪಾರ ನಿರ್ಬಂಧವೇ ಎಂದು ವಕೀಲರು ವಾದಿಸಬಹುದು. ಕರಾರು ಚಾಲ್ತಿಯಲ್ಲಿರುವಾಗ ಒಬ್ಬನಿಗೇ ಮಾರುವ ಷರತ್ತನ್ನು ನಮ್ಮ ಕೋರ್ಟುಗಳು ಸಾಮಾನ್ಯವಾಗಿ ತಪ್ಪೆನ್ನುವುದಿಲ್ಲ. 1995ರಲ್ಲಿ ಗುಜರಾತ್ ಬಾಟ್ಲಿಂಗ್ ಕಂಪನಿಗೂ ಕೋಕಾ ಕೋಲಾಗೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ. ಅಲ್ಲಿ ಕರಾರು ಯಾವಾಗ ಮುಗಿಯುತ್ತದೆಂದು ಕಾಗದದಲ್ಲಿತ್ತು. ಇಲ್ಲಿ ಮುಗಿಯುವ ದಿನವೇ ಇಲ್ಲ. ಅರ್ಥ ಖಚಿತವಿಲ್ಲದ ಒಪ್ಪಂದ ಅಸಿಂಧು ಎನ್ನುವ 29ನೇ ಕಲಮು ಇಂಥದ್ದಕ್ಕೇ ಇದೆ. ಅದನ್ನು ಹಿಡಿದು ದಲ್ಲಾಳಿಯ ಎದುರು ನಿಂತ ಬೋಟಿನವನ ಕಥೆ ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. ಮುಂದಿನ ಜೂನ್‌ನಲ್ಲಿ ಮತ್ತೆ ಕೈಚಾಚಬೇಕಲ್ಲ.

ಈ ವ್ಯವಹಾರವನ್ನು ಬಾಯಿಮಾತಿನದು ಎಂದು ಕರೆಯುವಾಗ ಅರ್ಧ ಸುಳ್ಳು ಹೇಳುತ್ತೇವೆ. ಬರಹ ಇದ್ದೇ ಇದೆ, ಒಂದೇ ಕಡೆ ಇದೆ. ಯಾವ ದಿನ ಎಷ್ಟು ಬುಟ್ಟಿ, ಯಾವ ದರ, ಎಷ್ಟು ಕಮಿಷನ್, ಡೀಸೆಲಿಗೆಂದು ಒಯ್ದದ್ದೆಷ್ಟು, ಐಸಿಗೆಷ್ಟು, ಮಗಳ ಮದುವೆಗೆಂದು ನಡುವೆ ಕೇಳಿದ್ದೆಷ್ಟು, ಎಲ್ಲವೂ ದಲ್ಲಾಳಿಯ ಕಿರ್ದಿಯಲ್ಲಿ, ಖತಾವಣಿಯಲ್ಲಿ ಇದೆ. ಬೋಟಿನವನ ಬಳಿ ಇರುವುದು ನೆನಪು. ಹೆಚ್ಚೆಂದರೆ ಕಿಸೆಯಲ್ಲಿ ಉಪ್ಪುನೀರಿಗೆ ನೆನೆದ ಚೀಟಿ. ಒಬ್ಬನಿಗೆ ಮಾತು, ಇನ್ನೊಬ್ಬನಿಗೆ ಬರಹ: ಬಂದರಿನ ನಂಬಿಕೆಯ ನಿಜವಾದ ರೂಪ ಇದು. ಹರಾಜು ನ್ಯಾಯವಾಗಿರುವುದು ಅಲ್ಲಿ ಬರಹ ಇಲ್ಲದ್ದರಿಂದಲ್ಲ, ಇಬ್ಬರಿಗೂ ಇಲ್ಲದ್ದರಿಂದ.

ಸಾಕ್ಷ್ಯದ ಕಾನೂನಿಗೆ ಇದು ಗೊತ್ತಿತ್ತು. ಕ್ರಮವಾಗಿ ಬರೆದುಕೊಂಡು ಬಂದ ಲೆಕ್ಕದ ಪುಸ್ತಕ ಸಾಕ್ಷ್ಯವೇನೋ ಹೌದು, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂದು 1872ರ ಕಾಯ್ದೆಯ 34ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮೂ ಅದನ್ನೇ ಉಳಿಸಿಕೊಂಡಿದೆ. ಈ ಕಲಮು ದೇಶಕ್ಕೆಲ್ಲ ಪರಿಚಯವಾದದ್ದು ಜೈನ್ ಹವಾಲಾ ಪ್ರಕರಣದಿಂದ. ಡೈರಿಯಲ್ಲಿ ಹೆಸರಿನ ಗುರುತೂ ಎದುರಿಗೆ ಮೊತ್ತವೂ ಇದ್ದ ಮಾತ್ರಕ್ಕೆ ಸಾಲದು, ಬೇರೆ ಆಧಾರ ಬೇಕೆಂದು ಸುಪ್ರೀಂ ಕೋರ್ಟು 1998ರಲ್ಲಿ ಹೇಳಿತು. ದೊಡ್ಡ ರಾಜಕಾರಣಿಗಳು ಪಾರಾದರು. ದಿಲ್ಲಿಯ ರಾಜಕಾರಣಿಯನ್ನು ಕಾಯ್ದ ನಿಯಮ ತದಡಿಯ ಬೋಟಿನವನನ್ನೂ ಕಾಯಬೇಕು. ಪುಸ್ತಕವೊಂದನ್ನೇ ತಂದು ಕೋರ್ಟಿನ ಮೇಜಿನ ಮೇಲಿಟ್ಟ ದಲ್ಲಾಳಿಗೆ ಡಿಕ್ರಿ ಸಿಗಬಾರದು.

ಹಾಗಾಗಿಯೇ ಪುಸ್ತಕದ ಜೊತೆಗೆ ಖಾಲಿ ಚೆಕ್ಕು ಬಂತು. ಭದ್ರತೆಗೆಂದು ಸಹಿ ಹಾಕಿಸಿಕೊಂಡ, ತಾರೀಕೂ ಮೊತ್ತವೂ ಇಲ್ಲದ ಚೆಕ್ಕು ಕಪಾಟಿನಲ್ಲಿ ಕೂತಿರುತ್ತದೆ. ವ್ಯವಹಾರ ಕೆಟ್ಟ ದಿನ ಅದರಲ್ಲಿ ಅಂಕೆ ತುಂಬುತ್ತದೆ, ಬ್ಯಾಂಕಿಗೆ ಹೋಗಿ ಮರಳುತ್ತದೆ, ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಫಿರ್ಯಾದಾಗುತ್ತದೆ. ಎರಡು ವರ್ಷದವರೆಗೆ ಸಜೆ, ಇಲ್ಲವೆ ಚೆಕ್ಕಿನ ಮೊತ್ತದ ದುಪ್ಪಟ್ಟಿನವರೆಗೆ ದಂಡ, ಇಲ್ಲವೆ ಎರಡೂ. ಇಲ್ಲಿ ಹೊಣೆ ತಲೆಕೆಳಗಾಗುತ್ತದೆ. ಸಹಿ ತನ್ನದೆಂದು ಒಪ್ಪಿದವನ ಮೇಲೆ ಸಾಲ ಇತ್ತೆಂದೇ ಕೋರ್ಟು ಭಾವಿಸಬೇಕು. ಕರ್ನಾಟಕದಿಂದ ಹೋದ ರಂಗಪ್ಪ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಮಾಡಿತು. ಖಾಲಿ ಚೆಕ್ಕಿಗೆ ಸ್ವಂತ ಇಚ್ಛೆಯಿಂದ ಸಹಿ ಹಾಕಿಕೊಟ್ಟವನಿಗೂ ಈ ಪೂರ್ವಭಾವನೆ ಅನ್ವಯಿಸುತ್ತದೆಂದು 2019ರ ಆರಂಭದಲ್ಲಿ ಇನ್ನೊಂದು ತೀರ್ಪು ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ, ಇದೂ ಕರ್ನಾಟಕದ್ದೇ, 6 ಲಕ್ಷ ರೂಪಾಯಿ ಕೈಗಡ ಕೊಟ್ಟೆನೆಂದವನಿಗೆ ಅಷ್ಟು ಕೊಡುವ ಶಕ್ತಿ ಇತ್ತೇ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬಾರದೆ ಆರೋಪಿಗೆ ಬಿಡುಗಡೆಯಾಯಿತು. ಈ ತೀರ್ಪು ಒಳ್ಳೆಯದೇ, ಬಂದರಿನವರಿಗೆ ಉಪಯೋಗವಿಲ್ಲ. ದಲ್ಲಾಳಿಗೆ ಕೊಡುವ ಶಕ್ತಿ ಇತ್ತೇ ಎಂದು ಪಾಟಿ ಸವಾಲಿನಲ್ಲಿ ಕೇಳಿದರೆ ನ್ಯಾಯಾಲಯವೇ ನಕ್ಕೀತು. ಇತ್ತು, ಧಾರಾಳವಾಗಿ ಇತ್ತು. ವಿವಾದ ಇರುವುದು ಎಷ್ಟು ಹರಿದಿದೆ ಎಂಬುದರಲ್ಲಿ. ಅದರ ಲೆಕ್ಕವೂ ಅವನ ಪುಸ್ತಕದಲ್ಲೇ ಇದೆ.

ಹೀಗೆ, ಬರೀ ಪುಸ್ತಕವನ್ನು ನಂಬಬೇಡಿ ಎಂದು ಒಂದು ಕಾನೂನು ಹಾಕಿದ ಬೇಲಿಯನ್ನು ಇನ್ನೊಂದು ಕಾನೂನು ದಾಟಿಸುತ್ತದೆ. ಬಾಯಿಮಾತಿನ ಕರಾರುಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯಲ್ಲಿ ಇದು ಬರುವುದೇ ಇಲ್ಲ. ಮಾತು ಸಿಂಧುವೇ ಅಸಿಂಧುವೇ ಎಂಬಲ್ಲಿಗೇ ನಿಂತುಬಿಡುತ್ತೇವೆ.

ಉತ್ತರ ಕನ್ನಡಕ್ಕೆ ಇಂಥ ಅಸಮ ಬರಹದ ಅನುಭವ ಹೊಸದೂ ಅಲ್ಲ. ಚಾಲಗೇಣಿ ಇದೇ ಅಲ್ಲವೇ? ಒಕ್ಕಲು ಗೇಣಿ ಅಳೆಯುತ್ತಿದ್ದ, ಒಡೆಯ ರಸೀದಿ ಕೊಡುತ್ತಿರಲಿಲ್ಲ. ಕೊಟ್ಟರೆ ಒಕ್ಕಲುತನಕ್ಕೆ ಪುರಾವೆ ಆಗುತ್ತಿತ್ತು. 1940ರ ಸುಮಾರಿಗೆ ದಿನಕರ ದೇಸಾಯಿಯವರು ಕಟ್ಟಿದ ರೈತ ಹೋರಾಟ ಎದುರಿಸಿದ್ದು ಈ ಬಾಯಿಮಾತಿನ ಗೇಣಿಯನ್ನೇ. 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಒಕ್ಕಲುಗಳು ಫಾರಂ 7 ತುಂಬಿ ತಾಲೂಕಿನ ನ್ಯಾಯಮಂಡಳಿಯ ಮುಂದೆ ನಿಂತರು. ಅವರ ಬಳಿ ಗೇಣಿಚೀಟಿ ಇರಲಿಲ್ಲ. ಇದ್ದದ್ದು ಪಹಣಿಯ ಒಂದು ಕಾಲಂ, ಪಕ್ಕದ ಗದ್ದೆಯವರ ಸಾಕ್ಷಿ, ಇಷ್ಟು ವರ್ಷ ಉತ್ತವ ಇವನೇ ಎಂಬ ಊರಿನ ಮಾತು. ಮಂಡಳಿಯ ಮುಂದೆ ವಕೀಲರು ಬರಬಾರದೆಂಬ ನಿಯಮ ಮೊದಲಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಆ ಮಂಡಳಿಗಳಲ್ಲಿ ರಾಜಕೀಯ ಇತ್ತು, ಸುಳ್ಳು ಸಾಕ್ಷಿ ಇತ್ತು, ಸಣ್ಣ ಹಿಡುವಳಿಯ ಬಡ ಒಡೆಯರಿಗೆ, ವಿಧವೆಯರಿಗೆ ಅನ್ಯಾಯವೂ ಆಯಿತು. ಅಷ್ಟಾದರೂ ಕಾಗದವಿಲ್ಲದವನ ಮಾತಿಗೆ ತೂಕ ಬರುವಂತೆ ಸರಕಾರ ಮನಸ್ಸಿಟ್ಟು ಒಂದು ಏರ್ಪಾಡು ಮಾಡಿದ್ದು ಈ ಜಿಲ್ಲೆ ಕಂಡ ದೊಡ್ಡ ಸಂಗತಿ. ಅರ್ಜಿಗೆ 1979ರ ಜೂನ್ 30 ಕೊನೆಯ ದಿನವಾಯಿತು. ಗದ್ದೆಗೆ ಸಿಕ್ಕ ಆ ನ್ಯಾಯ ಕಡಲಿಗೆ ಇಳಿಯಲಿಲ್ಲ.

ಗದ್ದೆಗೂ ಕಡಲಿಗೂ ನಡುವೆ ಅಘನಾಶಿನಿ ಹೊಳೆಯ ಗಜನಿ ಇದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ, ಕೊಯ್ಲಿನ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ನೀರು ಬಿಡುವ ಬಾಗಿಲಾದ ಜಂತ್ರಡಿಗೆ ಬಲೆ ಕಟ್ಟುವ ಹಕ್ಕನ್ನು ಆ ಸೀಸನ್ನಿಗೆಂದು ಕೂಗಿ ಕೊಡುವುದೂ ಇದೆ. ಮೀನನ್ನು ಕೂಗಿ ಮಾರಿದರೆ ಕಾನೂನು ಒಪ್ಪುತ್ತದೆ ಎಂದೆನಲ್ಲ, ಮೀನು ಹಿಡಿಯುವ ಹಕ್ಕನ್ನು ಕೂಗಿ ಮಾರಿದರೆ? ಇಲ್ಲಿ ಬರುತ್ತದೆ ಒಡಿಶಾದ ಚಿಲಿಕಾ ಸರೋವರದ ಆನಂದ ಬೆಹೆರಾ ಪ್ರಕರಣ. ಮೀನಿನ ವ್ಯಾಪಾರಿಗಳು ಅಲ್ಲಿನ ರಾಜನಿಗೆ ದೊಡ್ಡ ಮೊತ್ತ ಕೊಟ್ಟು, ಅಲ್ಲಿನ ವಾಡಿಕೆಯಂತೆ ರಸೀದಿ ಪಡೆದು, ಮುಂದಿನ ವರ್ಷಗಳ ಮೀನು ಹಿಡಿಯುವ ಹಕ್ಕು ಕೊಂಡಿದ್ದರು. ಅಷ್ಟರಲ್ಲಿ ಜಮೀನ್ದಾರಿ ರದ್ದಾಗಿ ಸರೋವರ ಸರಕಾರದ್ದಾಯಿತು. ವ್ಯಾಪಾರಿಗಳು ಸುಪ್ರೀಂ ಕೋರ್ಟಿಗೆ ಹೋದರು. 1955ರ ಅಕ್ಟೋಬರಿನಲ್ಲಿ ತೀರ್ಪು ಬಂತು: ಇನ್ನೊಬ್ಬನ ನೀರಿನಲ್ಲಿ ಇಳಿದು ಮೀನು ಹಿಡಿದು ಒಯ್ಯುವ ಹಕ್ಕು ಸ್ಥಿರಾಸ್ತಿಯಿಂದ ಹುಟ್ಟುವ ಲಾಭ, ಆದ್ದರಿಂದ ಅದೂ ಸ್ಥಿರಾಸ್ತಿಯೇ; 100 ರೂಪಾಯಿ ಮೀರಿದ ಬೆಲೆಗೆ ಮಾರಬೇಕಾದರೆ ನೋಂದಾಯಿತ ಪತ್ರ ಬೇಕು; ಅದಿಲ್ಲ, ಹಕ್ಕೂ ಇಲ್ಲ.

ತರ್ಕ ಸರಿಯಿದೆ, ಫಲ ವಿಚಿತ್ರ. ಬಲೆಗೆ ಬಿದ್ದ ಸಿಗಡಿಗೆ ಬಾಯಿಮಾತು ಸಾಕು, ಬೀಳಬೇಕಾದ ಸಿಗಡಿಗೆ ಸಬ್ ರಿಜಿಸ್ಟ್ರಾರ್ ಕಚೇರಿ. ಆ 100 ರೂಪಾಯಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯದು. ಆಗ ಅದು ದೊಡ್ಡ ಮೊತ್ತ, ಈಗ ಅದಕ್ಕೆ ಒಂದು ಪಾಲು ಇಸವಾಣ ಮೀನೂ ಬರುವುದಿಲ್ಲ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಗುತ್ತಿಗೆ, ಸ್ವಾಧೀನ ಬಿಟ್ಟುಕೊಟ್ಟರೆ, ಬಾಯಿಮಾತಿನಲ್ಲೂ ಆಗಬಹುದೆಂದು ಅದೇ ಕಾಯ್ದೆಯ 107ನೇ ಕಲಮು ಹೇಳುತ್ತದೆ. ಗಜನಿ ಹಿಡಿದವನ ಪರ ವಾದಿಸುವ ವಕೀಲರು ಈ ಸಂದಿಯಲ್ಲಿ ನುಸುಳಬಹುದು. ಹಕ್ಕು ಕೊಟ್ಟದ್ದೋ ಗುತ್ತಿಗೆ ಕೊಟ್ಟದ್ದೋ ಎಂದು ಅಳೆದು ಸುರಿಯುವಷ್ಟರಲ್ಲಿ ಸೀಸನ್ ಕಳೆದಿರುತ್ತದೆ.

ಪಾಲುಗಾರಿಕೆಯ ಬೋಟುಗಳಲ್ಲೂ ಈ 100 ರೂಪಾಯಿ ಎದುರಾಗುತ್ತದೆ. ಪರ್ಸೀನ್ ಬೋಟೊಂದಕ್ಕೆ ಬೇಕಾಗುವ ಬಂಡವಾಳ ಒಬ್ಬನಿಂದ ಹುಟ್ಟುವುದು ಅಪರೂಪ. ಹಲವರು ಕೂಡಿ ಹಾಕುತ್ತಾರೆ, ನೋಂದಣಿ ಒಬ್ಬನ ಹೆಸರಿಗೆ ಇರುತ್ತದೆ, ಪಾಲು ಮಾತಿನಲ್ಲಿರುತ್ತದೆ. ಪಾಲುದಾರಿಕೆ ಹುಟ್ಟಲು ಬರಹ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆದರೆ 1932ರ ಕಾಯ್ದೆಯ 69ನೇ ಕಲಮಿನ ಪ್ರಕಾರ ನೋಂದಾಯಿಸದ ಪಾಲುದಾರಿಕೆ ಮೀನಿನ ಹಣ ಬಾಕಿ ಇಟ್ಟ ವ್ಯಾಪಾರಿಯ ಮೇಲೆ ಕರಾರಿನ ಆಧಾರದಲ್ಲಿ ದಾವೆ ಹೂಡುವಂತಿಲ್ಲ. ಪಾಲುದಾರ ಇನ್ನೊಬ್ಬ ಪಾಲುದಾರನ ಮೇಲೂ ಹೂಡುವಂತಿಲ್ಲ. ಬೋಟು ನಡೆಯುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಪಾಲುದಾರಿಕೆಯನ್ನೇ ಮುರಿದು ಲೆಕ್ಕ ಕೊಡೆಂದು ಕೇಳಬಹುದು, ಅದಕ್ಕೆ ಅಡ್ಡಿ ಇಲ್ಲ. ಸಂಬಂಧ ಉಳಿಸಿಕೊಂಡು ನ್ಯಾಯ ಕೇಳಲು ಬಾಗಿಲಿಲ್ಲ, ಕಡಿದುಕೊಂಡು ಕೇಳಲು ಇದೆ. ಮೊತ್ತ 100 ರೂಪಾಯಿ ಮೀರದಿದ್ದರೆ ಕೆಲವು ವ್ಯಾಜ್ಯಗಳಿಗೆ ವಿನಾಯಿತಿ ಉಂಟಂತೆ! 1932ರ ಉದಾರತೆ. ಹಿಂದೆ ನೂರಾರು ಜನ ಹಗ್ಗ ಹಿಡಿಯುತ್ತಿದ್ದ ರಂಪಣಿಯಲ್ಲೂ ಪಾಲಿನ ಲೆಕ್ಕ ಬಾಯಿಮಾತಿನದೇ ಆಗಿತ್ತು. ಎಳೆದ ಬಲೆ ದಡದಲ್ಲಿ ಎಲ್ಲರೆದುರು ಬಿಚ್ಚಿಕೊಳ್ಳುತ್ತಿತ್ತು, ಪಾಲು ಹಂಚುವುದೂ ಅಲ್ಲೇ. 1970ರ ದಶಕದ ಕೊನೆಗೆ ಪರ್ಸೀನ್ ಬಂದು ರಂಪಣಿ ಸೊರಗಿದಾಗ ಮೀನಿನ ಜೊತೆಗೆ ಲೆಕ್ಕವೂ ಜನರ ಕಣ್ಣಿಂದ ದೂರ ಹೋಯಿತು.

ಕೋರ್ಟಿಗೆ ಹೋಗುವವನು ಬೇಗ ಹೋಗಬೇಕು. ಬಂದರಿನ ನಂಬಿಕೆಯಲ್ಲಿ ಸಾಲ ಸಾಯುವುದಿಲ್ಲ, ತಂದೆಯದು ಮಗನಿಗೆ ಬರುತ್ತದೆ. 1963ರ ಲಿಮಿಟೇಶನ್ ಕಾಯ್ದೆಯಲ್ಲಿ ಮೂರು ವರ್ಷ. ಕೇಳಿದಾಗ ಕೊಡುತ್ತೇನೆ ಎಂದು ಪಡೆದ ಹಣಕ್ಕೂ ಈ ಎಣಿಕೆ ಶುರುವಾಗುವುದು ಕೇಳಿದ ದಿನದಿಂದಲ್ಲ, ಕೊಟ್ಟ ದಿನದಿಂದ. ಮುಜುಗರಪಟ್ಟು ನಾಲ್ಕು ವರ್ಷ ಕೇಳದೆ ಕೂತವನಿಗೆ ಕಾನೂನು ಕೊಡುವ ಬಹುಮಾನ ಇದು. ಎರಡೂ ಕಡೆಯಿಂದ ಕೊಡುಕೊಳ್ಳುವ ಲೆಕ್ಕ ಚಾಲ್ತಿಯಲ್ಲಿತ್ತೆಂದು ತೋರಿಸಿದರೆ ಕೊನೆಯ ಜಮಾ ಖರ್ಚಿನ ವರ್ಷ ಮುಗಿದಲ್ಲಿಂದ ಎಣಿಸಬಹುದು. ಅದಕ್ಕೂ ಪುಸ್ತಕ ಬೇಕು. ಸಾಲ ಇರುವುದು ನಿಜ ಎಂದು ಸಾಲಗಾರ ಗಡುವಿನೊಳಗೆ ಬರೆದು ಸಹಿ ಹಾಕಿದರೆ ಹೊಸದಾಗಿ ಮೂರು ವರ್ಷ. ನಾಲ್ಕು ಜನರೆದುರು ದೇವರ ಮೇಲೆ ಆಣೆಯಿಟ್ಟು ಹೇಳಿದರೆ ಒಂದು ದಿನವೂ ಇಲ್ಲ. ಬಾಯಿಮಾತಿನಿಂದ ಹುಟ್ಟಬಹುದಾದ ಸಾಲ ಬಾಯಿಮಾತಿನಿಂದ ಬದುಕಿ ಉಳಿಯಲಾರದು ಎಂಬ ಈ ಏರ್ಪಾಡಿನಲ್ಲಿ ನನಗೆ ನ್ಯಾಯಕ್ಕಿಂತ ಕಚೇರಿಯ ಅನುಕೂಲವೇ ಹೆಚ್ಚು ಕಾಣುತ್ತದೆ.

ನಗದಿನ ಭಯ ಬೇರೆ. 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಬಾರದೆಂಬ ಆದಾಯ ತೆರಿಗೆಯ ನಿಯಮ ಹಳೆಯದು. ಅದನ್ನು ಮೀರಿದ ಸಾಲ ಅಷ್ಟಕ್ಕೇ ಇಲ್ಲವಾಗುವುದಿಲ್ಲ, ದಂಡ ಬೀಳಬಹುದು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಸಂಸ್ಥೆಯ ಜಾಗದ ವ್ಯಾಜ್ಯದಲ್ಲಿ, 75 ಲಕ್ಷ ನಗದು ಕೊಟ್ಟಿದ್ದೇವೆ ಎಂದವರ ದಾವೆಯನ್ನು ಸುಪ್ರೀಂ ಕೋರ್ಟು ತಿರಸ್ಕರಿಸಿತು. ಜೊತೆಗೆ, 2 ಲಕ್ಷ ಮತ್ತು ಹೆಚ್ಚಿನ ನಗದು ವ್ಯವಹಾರ ಹೇಳುವ ದಾವೆ ಬಂದರೆ ಕೋರ್ಟುಗಳು ತೆರಿಗೆ ಇಲಾಖೆಗೆ ತಿಳಿಸಬೇಕೆಂದು ಆದೇಶಿಸಿತು. ಆಮೇಲೆ ದೊಡ್ಡ ಮುಂಗಡದವರು ದಾವೆಗಿಂತ ಚೆಕ್ಕನ್ನೇ ಇನ್ನಷ್ಟು ನೆಚ್ಚಿದರೆ ಆಶ್ಚರ್ಯವಿಲ್ಲ.

ಮಾತನ್ನು ಯಾರು ಹೇಗೆ ನೆನಪಿಟ್ಟುಕೊಂಡಾರು? 2017ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಇದು ಚೆನ್ನಾಗಿ ಚರ್ಚೆಗೆ ಬಂತು. ಸ್ಪೋರ್ಟ್ಸ್ ಡೈರೆಕ್ಟ್ ಕಂಪನಿಯ ಒಡೆಯ ಮೈಕ್ ಆಶ್ಲಿ ಪಬ್ಬಿನಲ್ಲಿ ಕುಡಿಯುತ್ತ ಕೂತಾಗ, ಕಂಪನಿಯ ಷೇರಿನ ಬೆಲೆ 8 ಪೌಂಡ್ ದಾಟಿಸಿದರೆ 1.5 ಕೋಟಿ ಪೌಂಡ್ ಕೊಡುತ್ತೇನೆ ಎಂದಿದ್ದನೆಂದು ಜೆಫ್ರಿ ಬ್ಲೂ ಎಂಬವರ ದಾವೆ. ಬೆಲೆ ದಾಟಿತ್ತು. ನ್ಯಾಯಮೂರ್ತಿ ಲೆಗ್ಗಾಟ್ ದಾವೆ ವಜಾಮಾಡಿದರು: ಆ ನಗೆಯಾಟದ ಮಾತನ್ನು ಅಲ್ಲಿದ್ದ ಯಾರೂ ಕರಾರೆಂದು ತಿಳಿಯುವಂತಿರಲಿಲ್ಲ. ಮನುಷ್ಯನ ನೆನಪು ಅವನ ಈಗಿನ ಬೇಕು ಬೇಡಗಳಿಗೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಆದ್ದರಿಂದ ವ್ಯಾಪಾರದ ವ್ಯಾಜ್ಯದಲ್ಲಿ ಆ ಕಾಲದ ಕಾಗದಪತ್ರವೇ ಮುಖ್ಯ ಎಂಬುದು ಈ ನ್ಯಾಯಮೂರ್ತಿ ಹಿಂದಿನ ತೀರ್ಪಿನಲ್ಲೇ ಹೇಳಿದ ಮಾತು. ಇಬ್ಬರ ಕಡೆಗೂ ಇಮೇಲ್ ಇರುವ ಲಂಡನ್ನಿನ ವ್ಯಾಪಾರಕ್ಕೆ ಆ ಮಾತು ಸರಿ. ಒಬ್ಬನ ಕಡೆ ಮಾತ್ರ ಕಾಗದ ಇರುವ ಜೆಟ್ಟಿಗೆ ಅದನ್ನು ಹಾಗೇ ತಂದರೆ ಪುಸ್ತಕ ಇದ್ದವನೇ ಗೆಲ್ಲುತ್ತಾನೆ.

ಈಚೆಗೆ ಮೊಬೈಲು ಈ ಲೆಕ್ಕವನ್ನು ಸ್ವಲ್ಪ ಸರಿದೂಗಿಸಿದೆ. ಫೋನ್‌ಪೇ, ಗೂಗಲ್‌ಪೇಯಲ್ಲಿ ಬಂದ ಹಣದ ಗುರುತು ಬೋಟಿನವನ ಖಾತೆಯಲ್ಲೂ ಉಳಿಯುತ್ತದೆ. ಇವತ್ತಿನ ದರ ಇಷ್ಟು, ನಾಳೆ ಡೀಸೆಲಿಗೆ ಇಷ್ಟು ಎಂದು ವಾಟ್ಸಾಪಿನಲ್ಲಿ ಕಳಿಸಿದ ವಾಯ್ಸ್ ಮೆಸೇಜ್ ಮಾತೂ ಹೌದು, ದಾಖಲೆಯೂ ಹೌದು. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿಟ್ಟರೆ ಕೋರ್ಟು ಅದನ್ನು ನೋಡಲೇಬೇಕು. ಓದು ಬರಹ ಕಡಿಮೆ ಇದ್ದವನಿಗೆ ಕಿರ್ದಿಗಿಂತ ಇದು ಹತ್ತಿರದ ಹತಾರ. ಫೋನು ಬದಲಿಸುವಾಗ ಅದನ್ನು ಕಳೆದುಕೊಳ್ಳದಿದ್ದರೆ.

ಇಲ್ಲಿಯವರೆಗೆ ಬೋಟಿನವನನ್ನು ದುರ್ಬಲನೆಂದು ಬರೆದೆ. ಅವನ ಕೆಳಗೆ ಖಲಾಸಿ ಇದ್ದಾನೆ. ಈಗ ಕರಾವಳಿಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನಿಂದ ಬಂದವರೂ ಇದ್ದಾರೆ. ದಲ್ಲಾಳಿ ಬೋಟಿನವನಿಗೆ ಕೊಟ್ಟ ಹಾಗೆ ಬೋಟಿನವ ಅವರಿಗೆ ಮುಂಗಡ ಕೊಡುತ್ತಾನೆ, ಲೆಕ್ಕ ತನ್ನ ಬಳಿ ಇಟ್ಟುಕೊಳ್ಳುತ್ತಾನೆ. ಸೀಸನ್ನಿನ ನಡುವೆ ಊರಿಗೆ ಹೋದವನನ್ನು ಮಾತಿಗೆ ತಪ್ಪಿದವ ಎನ್ನುತ್ತಾರೆ. ಕಾನೂನು ಈ ಒಂದು ಕಡೆ ಮಾತನ್ನು ಬೇರೆಯೇ ರೀತಿಯಲ್ಲಿ ನೋಡುತ್ತದೆ. ಮುಂಗಡಕ್ಕೆ ಪ್ರತಿಯಾಗಿ ಬೇರೆ ಕೆಲಸಕ್ಕೆ ಹೋಗುವ, ಬೇಕಾದಲ್ಲಿಗೆ ತಿರುಗುವ ಸ್ವಾತಂತ್ರ್ಯ ಕಳೆದುಕೊಳ್ಳುವ ಒಪ್ಪಂದ ಬಾಯಿಮಾತಿನದಿರಲಿ ಬರಹದ್ದಿರಲಿ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಸಿಂಧು. ಆ ಸಾಲವೂ ರದ್ದು. ಮುಂಗಡ ಪಡೆದ ಪ್ರತಿ ಖಲಾಸಿಯೂ ಜೀತದಾಳು ಎನ್ನುವುದು ತಪ್ಪಾದೀತು. ಆಧಾರ್ ಕಾರ್ಡು ಯಾರ ಪೆಟ್ಟಿಗೆಯಲ್ಲಿದೆ ಎಂದು ಕೇಳಿದರೆ ಗೆರೆ ಎಲ್ಲಿದೆಯೆಂದು ತಿಳಿಯುತ್ತದೆ.

ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವವರ ಮಾತು ಇನ್ನೊಂದು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿನ ಚಿಪ್ಪುಮೀನಿನ ವಾರ್ಷಿಕ ಉತ್ಪನ್ನವನ್ನು ಸುಮಾರು 22,000 ಟನ್, ಬೆಲೆಯನ್ನು ಸುಮಾರು 5.78 ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನರ ದುಡಿಮೆ ಅದು. ಇಳಿತದಲ್ಲಿ ಎದೆಮಟ್ಟ ನೀರಿಗಿಳಿದು ಹೆಕ್ಕಿದ್ದನ್ನು ಅಳತೆಯ ಮೇಲೆ ಅಲ್ಲೇ ಮಾರಿ, ಅಲ್ಲೇ ಹಣ ಎಣಿಸಿಕೊಳ್ಳುವವರಿಗೆ ಕರಾರು ಕಾಯ್ದೆ ಬೇಕಾಗುವುದೇ ಇಲ್ಲ. ವ್ಯಾಪಾರಿ ಮುಂಗಡದ ಮಾತು ತೆಗೆದ ದಿನ ಬೇಕಾಗುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್‌ಸಾರ್ ಮಾನ್ಯತೆ ಬಂದ ಮೇಲೆ ನೀರಿನ, ಹಕ್ಕಿಯ, ಕಾಂಡ್ಲಾ ಗಿಡದ ಲೆಕ್ಕ ಬರೆಯುವವರು ಬಂದಿದ್ದಾರೆ. ಹೆಕ್ಕುವವರ ಮತ್ತು ಕೊಳ್ಳುವವರ ನಡುವಿನ ದರ ಇನ್ನೂ ಮಾತಿನಲ್ಲೇ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲವನ್ನೂ ಛಾಪಾ ಕಾಗದಕ್ಕೆ ಇಳಿಸಿ ಎನ್ನಲು ನನಗೆ ಮನಸ್ಸಿಲ್ಲ. ಛಾಪಾ ಕಾಗದ ಬಂದರೆ ಅದನ್ನು ಬರೆಸುವವನೂ ದಲ್ಲಾಳಿಯೇ, ಕಪಾಟಿನಲ್ಲಿಡುವವನೂ ಅವನೇ. ಹರಾಜಾದ ಕೂಡಲೇ ಎರಡು ಪ್ರತಿಯ ಪಟ್ಟಿ ಹರಿದು ಒಂದನ್ನು ಬೋಟು ನಡೆಸುವ ತಂಡೇಲನ ಕೈಗೆ ಕೊಡುವುದು, ಮುಂಗಡದ ಖಾತೆಯನ್ನು ವರ್ಷಕ್ಕೊಮ್ಮೆ, ಬೋಟುಗಳು ದಡದಲ್ಲಿರುವ ಜೂನ್‌ನಲ್ಲೇ, ಇಬ್ಬರೂ ಕೂತು ನೋಡಿ ಇಬ್ಬರೂ ಸಹಿ ಹಾಕುವುದು, ಅಸಲು ಹೇಗೆ ಇಳಿಯುತ್ತದೆಂದು ಆಗಲೇ ಮಾತಾಡಿಕೊಳ್ಳುವುದು ಸಾಕು. ಮೀನುಗಾರರ ಸೊಸೈಟಿಗಳಿಗೆ ಇದು ಭಾರದ ಕೆಲಸವಲ್ಲ. ಆ ಸಹಿಯಿಂದ ದಲ್ಲಾಳಿಗೂ ಮೂರು ವರ್ಷದ ಗಡುವು ಹೊಸದಾಗುವುದರಿಂದ ಅವನು ಒಲ್ಲೆ ಎನ್ನಬೇಕಾಗಿಲ್ಲ. ಖಾಲಿ ಚೆಕ್ಕು ಮರಳಿ ಕೊಡು ಎಂದಾಗ ಒಲ್ಲೆ ಎಂದಾನು. ಆ ಮಾತನ್ನು ಬೋಟಿನವ ಒಬ್ಬನೇ ಎತ್ತಿದರೆ ಆ ವರ್ಷದ ಮುಂಗಡವೇ ಸಿಗದು. ಸೀಸನ್ ಶುರುವಾಗುವ ಮೊದಲು ಬಂದರಿನ ಬೋಟಿನವರೆಲ್ಲ ಒಟ್ಟಾಗಿ ಎತ್ತಬೇಕು.